ಹಿಡಿದ ಮೊಲದ ನಾಲ್ಕನೆಯ ಕಾಲು

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಹಟಮಾರಿಗಳನ್ನು ಕುರಿತು ಹೇಳುತ್ತೇವೆ. ಮೊಲ ಸಾಕುವವರ ಮಟ್ಟಿಗೆ ಈ ಗಾದೆ ಅಕ್ಷರಶಃ ನಿಜವಾಗಿಬಿಡುತ್ತದೆ. ಅದಕ್ಕೆ ಕ್ಯಾರೆಟ್ ಸಾಕು, ನೀರು ಬೇಡ, ಎತ್ತಿಕೊಂಡರೆ ಖುಷಿ, ಸುಮ್ಮನಿದ್ದರೆ ಸುಖವಾಗಿದೆ ಎಂದರ್ಥ! ಹೀಗೆ ನಮಗೆ ಅನುಕೂಲವಾದ ಮೊಲವೊಂದನ್ನು ಕಲ್ಪಿಸಿಕೊಂಡು ಗೂಡಿನಲ್ಲಿಡುತ್ತೇವೆ.

ನಿಜವಾದ ಮೊಲ ಬೇರೆಯೇ. ಅದರ ಹಲ್ಲು ಬದುಕಿರುವಷ್ಟು ಕಾಲವೂ ಬೆಳೆಯುತ್ತದೆ. ಸವೆಯಬೇಕಾದರೆ ದಿನವಿಡೀ ಹುಲ್ಲು ಅಗಿಯುತ್ತಿರಬೇಕು. ಸಿಹಿ ಗೆಡ್ಡೆ ಹೆಚ್ಚಾದರೆ ಹೊಟ್ಟೆ ಕೆಡುತ್ತದೆ, ವಾಂತಿ ಮಾಡಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಮೈ ಬೆವರುವುದಿಲ್ಲವಾದ್ದರಿಂದ ಶಾಖವನ್ನು ಮುಖ್ಯವಾಗಿ ಕಿವಿಗಳಿಂದಲೇ ಹೊರಹಾಕಬೇಕು. ಬಳ್ಳಾರಿ, ರಾಯಚೂರುಗಳ ಬೇಸಿಗೆಯಲ್ಲಿ ತಗಡಿನ ಗೂಡು ಅದಕ್ಕೆ ಬೆಂಕಿಯ ಮನೆ. ಬೇಟೆಗೆ ಬಲಿಯಾಗುವ ಪ್ರಾಣಿಯಾದ್ದರಿಂದ ನೋವನ್ನು ತೋರಿಸಿಕೊಳ್ಳುವುದಿಲ್ಲ. ಸದ್ದಿಲ್ಲದಿರುವುದೇ ಸುಖವಲ್ಲ ಎಂಬುದನ್ನು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಗೂಡಿಗಿಂತ ಮೊದಲು ಕೈತೋಟ ಬೇಕು. ಅಂಗಳದ ಅಂಚಿನಲ್ಲಿ ಗರಿಕೆ, ಒಂದು ಮಡಿ ಕೊತ್ತಂಬರಿ, ಪುದೀನ, ಮೂಲಂಗಿ, ಬೇಲಿಗೆ ದಾಸವಾಳ. ಔಷಧಿ ಸಿಂಪಡಿಸುವಂತಿಲ್ಲ, ಹುಳು ತಿಂದುಳಿದದ್ದೇ ಮೊಲದ ಪಾಲು. ಕಣಗಿಲೆ, ದತ್ತೂರಿ, ಲಂಟಾನ ಹತ್ತಿರವೂ ಸುಳಿಯಬಾರದು. ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಗಿಡದ ಎಲೆಯೂ ಬೇಡ. ದೇವರ ಹೂವಿಗೆಂದು ನೆಟ್ಟ ಕಣಗಿಲೆಯೇ ಆ ಮೂಕಜೀವಕ್ಕೆ ವಿಷ!

ಇಷ್ಟೆಲ್ಲ ಮಾಡಿದರೆ ಅದನ್ನು ಕೂಡಿಹಾಕುವ ಹಕ್ಕು ನಮಗೆ ಬಂದಂತಾಯಿತೇ? ನನಗೆ ಹಾಗನಿಸುವುದಿಲ್ಲ. ಹಾಗಾದರೆ ಬಿಟ್ಟುಬಿಡಿ ಎನ್ನುತ್ತಾರೆ ಕೆಲವರು. ಮಕ್ಕಳ ಬೇಸಿಗೆ ರಜೆಗೆ ತಂದ ಮೊಲವನ್ನು ಶಾಲೆ ತೆರೆದ ಮೇಲೆ ಊರಾಚೆಯ ತೋಪಿಗೆ ಬಿಟ್ಟು, ಪುಣ್ಯ ಬಂತೆಂದುಕೊಳ್ಳುವವರಿದ್ದಾರೆ. ಸಾಕುಮೊಲ ಯೂರೋಪಿನ ಕಾಡುಮೊಲದ ಸಂತತಿ. ನಮ್ಮ ಹೊಲಗಳ ಮೊಲದ ಜಾತಿಯೇ ಬೇರೆ. ತಲೆಮಾರುಗಳಿಂದ ಮನುಷ್ಯನ ಕೈಯಿಂದ ತಿಂದದ್ದಕ್ಕೆ ನಾಯಿಯಿಂದ ತಪ್ಪಿಸಿಕೊಳ್ಳುವ ಬಗೆ ಗೊತ್ತಿಲ್ಲ. ಆಸ್ಟ್ರೇಲಿಯಾದಲ್ಲಿ 1859ರಲ್ಲಿ ಬೇಟೆಯ ಮೋಜಿಗೆ ಬಿಟ್ಟ ಮೊಲಗಳು ಬದುಕಿಕೊಂಡವು ನಿಜ. ಆದರೆ ಲೆಕ್ಕವಿಲ್ಲದಷ್ಟಾಗಿ ಅಲ್ಲಿನ ಹುಲ್ಲುಗಾವಲನ್ನೇ ಹಾಳುಮಾಡಿದವು. ಬಿಟ್ಟುಬಿಡುವುದೆಲ್ಲ ಬಿಡುಗಡೆಯಲ್ಲ. ಇನ್ನು ಹೊಲದ ಮೊಲವನ್ನು ಹಿಡಿದು ತಂದು ಸಾಕುವುದಂತೂ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅದಕ್ಕಿದೆ.

ಹಾಗಾಗಿ ಯೋಚಿಸಬೇಕಾದದ್ದು ತರುವ ಮೊದಲು. ಚೆನ್ನಾಗಿ ನೋಡಿಕೊಂಡರೆ ಮೊಲ ಎಂಟು ಹತ್ತು ವರ್ಷ ಬದುಕುತ್ತದೆ. ಮೂರನೆಯ ತರಗತಿಯಲ್ಲಿ ಹಟ ಹಿಡಿದು ತರಿಸಿಕೊಂಡ ಮಗು ಪಿಯುಸಿ ಮುಗಿಸುವ ತನಕ ಅದಕ್ಕೆ ಹುಲ್ಲು ಹಾಕುವವರು ಯಾರು? ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ತಾಯಿಯೇ. ಒಂಟಿಯಾದರೆ ಅದು ಕೊರಗುತ್ತದೆ; ಗಂಡು ಹೆಣ್ಣನ್ನು ಜೊತೆಗಿಟ್ಟರೆ ತಿಂಗಳು ತಿಂಗಳಿಗೆ ಮರಿ. ಪಶುವೈದ್ಯರಿಂದ ಸಂತಾನಹರಣ ಮಾಡಿಸುವ ಖರ್ಚನ್ನೂ ಮೊದಲೇ ಲೆಕ್ಕ ಹಾಕಬೇಕು.

ಪ್ರೀತಿ ಇದ್ದರೆ ಸಾಲದೇ ಎಂದು ಕೇಳಬಹುದು. ಪ್ರೀತಿಗೆ ಬೇಸರ ಬರುತ್ತದೆ, ಋಣಕ್ಕೆ ಬರುವುದಿಲ್ಲ. ಒಂದು ಜೀವದ ದಾರಿಯನ್ನು ಕಿತ್ತುಕೊಂಡ ಮೇಲೆ ನಾವು ಬೆಳೆಸುವ ಸೊಪ್ಪು ದಾನವಲ್ಲ, ಆ ಸಾಲದ ಬಡ್ಡಿ. ಅಸಲು ಎಂದೂ ತೀರುವುದಿಲ್ಲ. ಬಡ್ಡಿಯನ್ನಾದರೂ ದಿನ ತಪ್ಪದೆ ಕಟ್ಟಬಲ್ಲೆ ಎನ್ನುವವರ ಮನೆಯ ಮೊಲಕ್ಕೆ ನಾಲ್ಕು ಕಾಲೂ ಇರುತ್ತವೆ.