ದುಡಿಮೆಗೆ ಸಾಕ್ಷಿಯೋ, ಬಡತನಕ್ಕೆ ಸಾಕ್ಷಿಯೋ

ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಆಸ್ಪತ್ರೆಗೆ ಹೊರಟ ಇಬ್ಬರು ಹಿರಿಯರು ಅಕ್ಕಪಕ್ಕ ಕೂತಿದ್ದಾರೆ ಎಂದುಕೊಳ್ಳೋಣ. ಒಬ್ಬರು ರೈಲ್ವೆಯಿಂದ ನಿವೃತ್ತರು, ಇನ್ನೊಬ್ಬರು ಕೆ.ಜಿ.ಎಫ್. ಗಣಿಯಲ್ಲಿ ಇಳಿದು ದುಡಿದವರು. ಮೊದಲನೆಯವರ ಜೇಬಿನಲ್ಲಿ ರೈಲ್ವೆಯ ವೈದ್ಯಕೀಯ ಕಾರ್ಡು. ನಿವೃತ್ತಿಯ ವೇಳೆಗೆ ಒಮ್ಮೆ ವಂತಿಗೆ ಕಟ್ಟಿದರೆ ಬದುಕಿರುವವರೆಗೂ ಚಿಕಿತ್ಸೆ. ಎರಡನೆಯವರ ಜೇಬಿನಲ್ಲಿ ಬಿಪಿಎಲ್ ಕಾರ್ಡು. ಚಿಕಿತ್ಸೆ ಇಬ್ಬರಿಗೂ ಸಿಗಬಹುದು. ಆದರೆ ಒಬ್ಬರು ತೋರಿಸುವುದು ದುಡಿದದ್ದಕ್ಕೆ ಸಾಕ್ಷಿ, ಇನ್ನೊಬ್ಬರು ತೋರಿಸುವುದು ಬಡವರೆಂಬುದಕ್ಕೆ ಸಾಕ್ಷಿ. ನನ್ನನ್ನು ಕಾಡುವುದು ಈ ವ್ಯತ್ಯಾಸ.

1948ರ ಇಎಸ್‌ಐ ಕಾಯ್ದೆ ಗಣಿಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಹಾಗಾಗಿ ಇಲ್ಲಿನ ಕಾರ್ಮಿಕರಿಗೆ ಚಾಂಪಿಯನ್ ರೀಫ್‌ನ ಗಣಿ ಆಸ್ಪತ್ರೆಯೇ ವಿಮೆ. 2001ರಲ್ಲಿ ಗಣಿ ಮುಚ್ಚಿತು. ಆ ಆಸ್ಪತ್ರೆಯ ಬಾಗಿಲೂ ಮುಚ್ಚಿತು. ಮುಚ್ಚದೆ ಉಳಿದದ್ದು ಎದೆಯೊಳಗಿನ ದೂಳು. ಬಂಡೆ ಕೊರೆಯುವಾಗ ಏಳುವ ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್‌ಗೆ ವಾಸಿಯಾಗುವ ಮದ್ದಿಲ್ಲ, ಎಷ್ಟೋ ಸಲ ಅದು ಕೆಲಸ ಬಿಟ್ಟು ವರ್ಷಗಳಾದ ಮೇಲೆ ಕಾಣಿಸಿಕೊಳ್ಳುತ್ತದೆ. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1934ರಲ್ಲಿ, ಇದೇ ಕೋಲಾರದ ಗಣಿಗಳಿಂದ. 1940ರಲ್ಲಿ ಮೈಸೂರು ಸರ್ಕಾರ ಇದಕ್ಕೆಂದೇ ನಿಯಮ ತಂದಿತು. ಈ ಕೆಮ್ಮು ಹಣೆಬರಹವಲ್ಲ, ಕೆಲಸದಿಂದ ಬಂದದ್ದು ಎಂದು ಪ್ರಭುತ್ವ ಅಂದೇ ಒಪ್ಪಿತ್ತು.

‘ದುಡ್ಡು ಯಾವ ಹೆಸರಲ್ಲಿ ಬಂದರೇನು, ಬಂದರಾಯಿತಲ್ಲ’ ಎಂದು ಕೇಳಬಹುದು. ಉಸಿರಿಗೆ ಒದ್ದಾಡುತ್ತಿರುವವರ ಮುಂದೆ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೂ ಹೆಸರು ಬದಲಾದರೆ ಅಳತೆಯೂ ಬದಲಾಗುತ್ತದೆ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಉಳಿದವರಿಗೆ ನಿಗದಿತ ದರದ ಶೇ. 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಅಂದರೆ ಮಗನಿಗೆ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಮನೆಯ ಕಾರ್ಡು ಬದಲಾದರೆ ಅಪ್ಪನ ರಕ್ಷಣೆ ಕುಗ್ಗುತ್ತದೆ. ಅಪ್ಪನ ಶ್ವಾಸಕೋಶ ಮಾತ್ರ ನಿನ್ನೆ ಇದ್ದಂತೆಯೇ ಇದೆ. ಜೊತೆಗೆ, ಇಂಥ ವಿಮೆ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ. ತಿಂಗಳು ತಿಂಗಳು ಕೊಳ್ಳಬೇಕಾದ ಇನ್‌ಹೇಲರ್ ಅದರ ಲೆಕ್ಕಕ್ಕೆ ಬರುವುದಿಲ್ಲ.

ನೆರವನ್ನು ಕೊಡುವವರು ತಮ್ಮ ಕೈಲಾದಷ್ಟು ಅಳೆದು ಕೊಡುತ್ತಾರೆ, ಪಡೆಯುವವರ ಬಡತನ ನೋಡಿ ಕೊಡುತ್ತಾರೆ. ಸಾಲ ಹಾಗಲ್ಲ. ಸಾಲ ಕೊಟ್ಟವರ ಮನೆಯಲ್ಲಿ ಈಗ ಅಕ್ಕಿ ಇದೆ ಎಂಬ ಕಾರಣಕ್ಕೆ ಅದು ತೀರುವುದಿಲ್ಲ. ಗಣಿಯ ಕಾಯಿಲೆ ಎರಡನೆಯ ಲೆಕ್ಕಕ್ಕೆ ಸೇರಿದ್ದು ಎಂದು ನನ್ನ ವಾದ.

ಕಂಪನಿಯೇ ಇಲ್ಲದ ಮೇಲೆ ಸಾಲ ಯಾರದು? 1956ರಲ್ಲಿ ಈ ಗಣಿಗಳನ್ನು ಮೈಸೂರು ರಾಜ್ಯ ವಹಿಸಿಕೊಂಡಿತು, 1962ರಲ್ಲಿ ಕೇಂದ್ರ ಸರ್ಕಾರ. ಗಣಿ ಮುಚ್ಚಿರಬಹುದು, ಅದರ ಮಾಲೀಕರಾಗಿದ್ದ ಸರ್ಕಾರಗಳು ಮುಚ್ಚಿಲ್ಲ. ಹಾಗಿರುವಾಗ ಗಣಿಯಲ್ಲಿ ದುಡಿದ ದಾಖಲೆಯೇ ಆಸ್ಪತ್ರೆಯಲ್ಲಿ ಸಾಕಾಗಬೇಕು. ರೇಷನ್ ಕಾರ್ಡಿನ ಬಣ್ಣ ಕೇಳಬಾರದು.