ಎಲ್ರಿಗೂ ಹಂಗೇ ಇರುತ್ತೆ

ಹೋದ ವರ್ಷ ಕಂಪನಿಯ ಹೆಲ್ತ್ ಚೆಕಪ್ ರಿಪೋರ್ಟ್ ಬಂದಾಗ ಅದರಲ್ಲಿ ಒಂದೇ ಒಂದು ಸಾಲು ದಪ್ಪಕ್ಷರದಲ್ಲಿತ್ತು. ಬಿಲಿರುಬಿನ್ 1.4. ಪಕ್ಕದಲ್ಲಿ, 1.2ರ ಒಳಗಿರಬೇಕು ಅಂತ. ರಾತ್ರಿ ಹನ್ನೊಂದಕ್ಕೆ ಗೂಗಲ್ ಮಾಡಲು ಕೂತವನು, ಹನ್ನೆರಡಕ್ಕೆ ಕನ್ನಡಿ ಮುಂದೆ ನಿಂತು ಕಣ್ಣು ಹಳದಿ ಆಗಿದೆಯಾ ಅಂತ ನೋಡ್ತಿದ್ದೆ. ಮರುದಿನ ಡಾಕ್ಟ್ರು ಲಿವರ್‌ನ ಉಳಿದ ಅಂಕಿಗಳನ್ನೂ ನೋಡಿ, "ಖಾಲಿ ಹೊಟ್ಟೇಲಿದ್ರಲ್ಲ, ಕೆಲವರಿಗೆ ಸ್ವಲ್ಪ ಏರುತ್ತೆ, ಬಿಡಿ" ಅಂದರು.

ಅದೇ ತಿಂಗಳು ಅಮ್ಮ ಊರಿಂದ ಬಂದಿದ್ದಳು. ಅವಳದ್ದೂ ಒಂದ್ಸಲ ಆಗಿಹೋಗ್ಲಿ ಅಂತ ಮಾಡಿಸಿದೆ. ಹಿಮೋಗ್ಲೋಬಿನ್ 9.4. ನಾನು ಗಾಬರಿಯಾದೆ, ಅವಳು ಆಗಲಿಲ್ಲ. "ಅಯ್ಯೋ ಬಿಡೋ, ನಮ್ಮೂರ ಹೆಂಗಸ್ರಿಗೆಲ್ಲಾ ಹಂಗೇ ಇರುತ್ತೆ."

ಈ ಮಾತನ್ನ ಅಷ್ಟು ಸುಲಭಕ್ಕೆ ತಳ್ಳಿಹಾಕೋಕೆ ಆಗಲಿಲ್ಲ. ಯಾಕಂದ್ರೆ ಲ್ಯಾಬಿನವರ ತರ್ಕವೂ ಹೆಚ್ಚುಕಮ್ಮಿ ಅದೇ. ರೆಫರೆನ್ಸ್ ರೇಂಜ್ ಮಾಡೋದು ಹೀಗೆ: ಆರೋಗ್ಯವಾಗಿ ಕಾಣುವ ಕನಿಷ್ಠ 120 ಜನರ ರಕ್ತ ಪರೀಕ್ಷಿಸಿ, ಕೆಳಗಿನ ಶೇ. 2.5, ಮೇಲಿನ ಶೇ. 2.5 ಬಿಟ್ಟು, ನಡುವಿನ ಶೇ. 95 ಇಟ್ಟುಕೊಳ್ಳೋದು. ಅಂದರೆ ಏನೂ ಕಾಯಿಲೆ ಇಲ್ಲದ ಇಪ್ಪತ್ತು ಜನರಲ್ಲಿ ಒಬ್ಬರು ಗೆರೆಯಾಚೆ ಬೀಳಲೇಬೇಕು. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಪೂರ್ತಿ ಆರೋಗ್ಯವಂತನಿಗೂ ಕನಿಷ್ಠ ಒಂದು ದಪ್ಪಕ್ಷರ ಬರುವ ಸಾಧ್ಯತೆ ಶೇ. 64. ನಮ್ಮ ಪ್ಯಾಕೇಜುಗಳಲ್ಲಿ ಅರವತ್ತು, ಎಪ್ಪತ್ತು ಪರೀಕ್ಷೆ ಇರ್ತವೆ! ಸರ್ವರ್‌ಗೆ ಹೀಗೆ ಅಲರ್ಟ್ ಇಟ್ಟಿದ್ರೆ ನಮ್ಮ ಟೀಮಲ್ಲಿ ಯಾರೂ ಮಲಗ್ತಿರಲಿಲ್ಲ.

1969ರಲ್ಲೇ ಫಿನ್ಲೆಂಡಿನ ಗ್ರೇಸ್‌ಬೆಕ್ ಮತ್ತು ಸಾರಿಸ್, 'ನಾರ್ಮಲ್' ಅನ್ನೋ ಪದ ಬಿಟ್ಟು 'ರೆಫರೆನ್ಸ್' ಅನ್ನೋಣ ಅಂದಿದ್ದರು. ಪದ ಬದಲಾಯಿತು, ನಮ್ಮ ಬಾಯಲ್ಲಿ ಮಾತ್ರ ಇನ್ನೂ "ಎಲ್ಲಾ ನಾರ್ಮಲ್ಲಾ?"

ಆದರೆ ರಿಪೋರ್ಟಿನ ಎಲ್ಲಾ ಗೆರೆಗಳೂ ಹೀಗೆ ಹುಟ್ಟಿದವಲ್ಲ. ಎಚ್‌ಬಿಎ1ಸಿ 6.5 ದಾಟಿದರೆ ಸಕ್ಕರೆ ಕಾಯಿಲೆ ಅನ್ನೋದು ಹೆಚ್ಚು ಜನ ಎಲ್ಲಿದ್ದಾರೆ ಅಂತ ನೋಡಿ ಎಳೆದದ್ದಲ್ಲ. ಕಣ್ಣಿನ ರೆಟಿನಾಗೆ ಹಾನಿ ಎಲ್ಲಿಂದ ಜಾಸ್ತಿಯಾಗುತ್ತೆ ಅಂತ ನೋಡಿ ಎಳೆದದ್ದು. ಒಂದು ಗೆರೆ 'ಹೆಚ್ಚಿನವರು ಹೀಗಿದ್ದಾರೆ' ಅನ್ನುತ್ತೆ, ಇನ್ನೊಂದು 'ಇಲ್ಲಿಂದಾಚೆ ಪೆಟ್ಟು ಬೀಳುತ್ತೆ' ಅನ್ನುತ್ತೆ. ಎರಡೂ ಒಂದೇ ಕಾಲಮ್ಮಿನಲ್ಲಿ, ಒಂದೇ ಫಾಂಟಿನಲ್ಲಿ ಕೂತಿರ್ತವೆ.

ಈಗ ಅಮ್ಮನ ಮಾತಿಗೆ ಬರ್ತೀನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಜನರಿಗೆ ರಕ್ತಹೀನತೆ. ಲೆಕ್ಕಕ್ಕೆ ಅಮ್ಮ ಹೇಳಿದ್ದು ಸರಿ, ಅರ್ಧಕ್ಕಿಂತ ಹೆಚ್ಚು ಜನಕ್ಕೆ ಹಂಗೇ. ನಮ್ಮೂರ 120 ಹೆಂಗಸರನ್ನೇ ಕೂರಿಸಿ ರೇಂಜ್ ಮಾಡಿದ್ದರೆ 9.4 ಆರಾಮಾಗಿ ಒಳಗಿರ್ತಿತ್ತೇನೋ. ಅವರೆಲ್ಲ 'ಆರೋಗ್ಯವಾಗಿ ಕಾಣುವ'ವರೇ. ಬೆಳಗ್ಗೆ ಐದಕ್ಕೆ ಏಳ್ತಾರೆ, ಹುಲ್ಲು ಹೊರ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಹೆಂಗಸರಿಗೆ 12, ಗಂಡಸರಿಗೆ 13 ಅನ್ನೋ ಗೆರೆ ಎಳೆಯದೇ ಇದ್ದಿದ್ರೆ, ಅವರಿಗೆ ಏನೋ ಕಮ್ಮಿ ಇದೆ ಅನ್ನೋಕೆ ನಮ್ಮ ಹತ್ರ ಆಧಾರವೇ ಇರ್ತಿರಲಿಲ್ಲ.

ಚಿಕ್ಕವನಿದ್ದಾಗ ಬೋರ್‌ವೆಲ್ಲಿಂದ ನೀರು ತರುವ ದಾರಿಯಲ್ಲಿ ಒಂದು ಕಲ್ಲಿತ್ತು. ಅಮ್ಮ, ಅತ್ತೆ, ಎದುರುಮನೆ ಗೌರಕ್ಕ ಎಲ್ಲರೂ ಅಲ್ಲಿ ಕೊಡ ಇಳಿಸಿ ಐದು ನಿಮಿಷ ಕೂತು, ಉಸಿರು ತಗೊಂಡು ಹೊರಡ್ತಿದ್ರು. ಗಂಡಸರು ಯಾರೂ ಅಲ್ಲಿ ಕೂರ್ತಿರಲಿಲ್ಲ. ಅಮ್ಮಂದಿರು ಅಂದ್ರೆ ಅರ್ಧ ದಾರೀಲಿ ಕೂರೋರು ಅಂತಲೇ ನಾನು ಅಂದುಕೊಂಡಿದ್ದೆ. ನನ್ನ 1.4ಕ್ಕೆ ಒಂದು ರಾತ್ರಿ ನಿದ್ದೆಗೆಟ್ಟವನಿಗೆ, ಆ ಕಲ್ಲಿನ ಬಗ್ಗೆ ಮೂವತ್ತು ವರ್ಷ ಅನುಮಾನವೇ ಬರಲಿಲ್ಲ.

ಈ ವಯಸ್ಸಲ್ಲಿ ರಕ್ತ ಯಾಕೆ ಕಮ್ಮಿ ಅಂತ ಮೊದಲು ನೋಡಬೇಕು ಅಂದರು ಡಾಕ್ಟ್ರು. ಇನ್ನಷ್ಟು ಪರೀಕ್ಷೆ ಆದವು, ಹೆದರುವಂಥದ್ದು ಸಿಗಲಿಲ್ಲ. ಕಬ್ಬಿಣದ ಅಂಶ ತೀರಾ ತಳ ಕಂಡಿತ್ತು, ಅಷ್ಟೇ. ಮಾತ್ರೆ ಶುರುವಾಯ್ತು. ಮೂರು ತಿಂಗಳಿಗೆ 11.3. ಫೋನಲ್ಲಿ ಹೇಳಿದೆ, ಇನ್ನೂ ದಪ್ಪಕ್ಷರದಲ್ಲೇ ಇದೆ ಕಣಮ್ಮ, ಮಾತ್ರೆ ಬಿಡಬೇಡ ಅಂತ. ಅವಳು ಅದಕ್ಕೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಮುಂದಿನ್ಸಲ ಬರುವಾಗ ಗೌರಕ್ಕನ್ನೂ ಕರ್ಕೊಂಡು ಬರ್ಲೇನೋ?"