ಸಲ್ಲೇಖನವೂ ವೈದ್ಯರ ಮರಣಪತ್ರವೂ

ವಾಸಿಯಾಗದ ಅರ್ಬುದರೋಗದಿಂದ ಬಳಲಿದ ಹಿರಿಯರೊಬ್ಬರು ಗುರುಗಳ ಅನುಜ್ಞೆ ಪಡೆದು ಸಲ್ಲೇಖನವನ್ನು ಕೈಗೊಂಡು, ಪಂಚನಮಸ್ಕಾರವನ್ನು ಕೇಳುತ್ತ ದೇಹವನ್ನು ತ್ಯಜಿಸಿದರೆಂದು ಭಾವಿಸೋಣ. ಬಂಧುಗಳಿಗೆ ಅಂತ್ಯಕ್ರಿಯೆಯ ಅವಸರ. ಶವದಲ್ಲಿ ಅಂತರ್ಮುಹೂರ್ತದೊಳಗೆ ಸಮ್ಮೂರ್ಛನ ಜೀವಗಳು ಹುಟ್ಟುವವೆಂದು ನಂಬಿದವರಿಗೆ ವಿಳಂಬವು ಹಿಂಸೆಗೆ ಸಂಬಂಧಿಸಿದ ವಿಷಯ. ಆಗ ಯಾರೋ ಒಬ್ಬ ವೈದ್ಯರನ್ನು ಕರೆಸಿ, 'ಹೃದಯ ನಿಂತಿತೆಂದು ಬರೆದುಕೊಡಿ, ಉಪವಾಸದ ಮಾತು ಬೇಡ' ಎಂದು ಕೇಳಿಕೊಳ್ಳಬಹುದೆ?

ಹೃದಯ ನಿಲ್ಲುವುದು ಎಲ್ಲ ಮರಣಗಳಲ್ಲಿಯೂ ಉಂಟು, ಅದು ಕಾರಣವಲ್ಲ. ಮೂಲರೋಗ ಯಾವುದು, ಅದರೊಡನೆ ಸೇರಿದ ಇತರ ಸ್ಥಿತಿಗಳು ಯಾವುವು ಎಂಬುದನ್ನು ಪತ್ರವು ಕೇಳುತ್ತದೆ. 1969ರ ಜನನ ಮರಣ ನೋಂದಣಿ ಅಧಿನಿಯಮವು ಅದನ್ನು ಕೊನೆಯ ಕಾಯಿಲೆಯಲ್ಲಿ ಚಿಕಿತ್ಸೆ ಮಾಡಿದ ವೈದ್ಯರಿಂದಲೇ ಅಪೇಕ್ಷಿಸುತ್ತದೆ. ಕಾರಣ ತಿಳಿಯದಿದ್ದರೆ, ಅನುಮಾನ ಹುಟ್ಟಿದರೆ, ಪೊಲೀಸರಿಗೆ ತಿಳಿಸುವುದು ವೈದ್ಯರ ಕರ್ತವ್ಯ. ಮುಂಬಯಿಯಲ್ಲಿ ಇಂಥ ವಿಚಾರಣೆಗೆಂದೇ ಇದ್ದ ಕೊರೊನರ್ ಹುದ್ದೆ 1999ರಲ್ಲಿ ರದ್ದಾಯಿತು. 2024ರ ಜುಲೈ 1ರಿಂದ ಶವಮಹಜರು ನಡೆಯುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಂತೆ.

ಕುಟುಂಬದವರ ಭಯ ನಿರಾಧಾರವಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಈ ವ್ರತವನ್ನು ಆತ್ಮಹತ್ಯೆಯೆಂದೇ ಎಣಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು.

ಆದರೂ ಸತ್ಯಾಣುವ್ರತವನ್ನು ಮರೆಯಲಾಗದು. ಶ್ರಾವಕನು ಸ್ಥೂಲವಾದ ಸುಳ್ಳನ್ನು ತಾನು ನುಡಿಯಬಾರದು, ಪರರಿಂದ ನುಡಿಸಲೂಬಾರದು ಎಂಬುದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ವಿಧಿ. ವೈದ್ಯರ ಕೈಯಿಂದ ಬರೆಯಿಸುವುದು ಈ ಎರಡನೆಯ ದೋಷವೇ. ವಿಪತ್ತನ್ನು ತರುವ ಸತ್ಯವನ್ನೂ ನುಡಿಯಬಾರದೆಂದು ಅಲ್ಲಿಯೇ ಇದೆಯಲ್ಲ ಎಂದು ಕೆಲವರು ವಾದಿಸಿಯಾರು. ಆ ಮಾತು ಪರರನ್ನು ಕಾಯಲು. ಇಲ್ಲಿಯಾದರೋ ಮುಚ್ಚಿಟ್ಟವರು ಪಾರಾಗಿ ವಿಪತ್ತು ಸಹಿ ಮಾಡಿದವರ ತಲೆಗೆ ಬರುತ್ತದೆ! ಅಲ್ಲದೆ ಮರಣವನ್ನು ಬಯಸುವುದೇ ಸಲ್ಲೇಖನದ ಅತಿಚಾರಗಳಲ್ಲಿ ಒಂದು. ಅಂಥ ಶುದ್ಧವ್ರತವನ್ನು ಗುಟ್ಟು ಮಾಡಿದವರು ಅದನ್ನು ಆತ್ಮಘಾತದ ಸಾಲಿಗೆ ತಾವೇ ಸೇರಿಸಿದಂತಾಯಿತು. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಪೂರ್ವಿಕರು ಇಂಥ ಮರಣಗಳನ್ನು ಬಂಡೆಯ ಮೇಲೆ, ಹೋಗಿಬರುವವರೆಲ್ಲ ಓದುವಂತೆ, ಕೆತ್ತಿಸಿದ್ದಾರೆ.

ಆದುದರಿಂದ ವ್ರತ ಸ್ವೀಕಾರದ ದಿನವೇ, ಕ್ಷಪಕನಿಗೆ ಮಾತು ಇರುವಾಗಲೇ, ಚಿಕಿತ್ಸೆ ಮಾಡುತ್ತಿದ್ದ ವೈದ್ಯರನ್ನು ಮನೆಗೆ ಬರಮಾಡಿಕೊಳ್ಳಬೇಕು. ಅವರು ರೋಗದ ಕಾಗದಗಳನ್ನು ನೋಡಲಿ, ವ್ರತಿಯ ಇಚ್ಛೆಯನ್ನು ಅವರ ಬಾಯಿಂದಲೇ ಕೇಳಲಿ, ಮಧ್ಯೆ ಮಧ್ಯೆ ಬಂದು ಹೋಗಲಿ. ಕೊನೆಯ ದಿನ ಅವರು ಏನನ್ನು ಬರೆಯುವರೋ ಅದು ಅವರು ಕಂಡದ್ದಾಗಿರುತ್ತದೆ.